ತವರಿನ ನೀಲಿಗಂಟೆಗಳು

ಕಾಡಿನ ಮಣ್ಣು ಹೊಸ್ತಿಲು ದಾಟಕೂಡದು ಎಂಬುದು ನಮ್ಮ ಅತ್ತೆ ಮಾವಿಸ್ ಅವರ ಕಾನೂನು. ನಾನು ಈ ಮನೆಗೆ ಅಳಿಯನಾಗಿ ಬಂದ ಮೊದಲ ದಿನವೇ ಅದು ನನಗೆ ಗೊತ್ತಾಯಿತು. ಮಾವ ರೂಬೆನ್ ದಿನವಿಡೀ ಕೆಟಲ್ ಕಾಡಿನಲ್ಲಿ ಹೇಜಲ್ ಗಿಡಗಳನ್ನು ಕಡಿದು ಸಂಜೆ ಮನೆಗೆ ಬಂದರೆ ಬೂಟು ಹೊರಗೆ, ಕೋಟು ಹೊರಗೆ, ಮಳೆಯಲ್ಲಿ ಒಂದೊಂದು ಸಲ ಮಾವನೂ ಹೊರಗೆ.

“ಅಲ್ಲೇ ನಿಲ್ಲು! ಆ ಕಾಡನ್ನ ಕಾಲಲ್ಲಿ ಹೊತ್ಕೊಂಡು ನನ್ನ ಅಡುಗೆಮನೆಗೆ ಬರ್ಬೇಡ,” ಎಂದು ಅತ್ತೆ ಪೊರಕೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು.

“ಎಂಟುನೂರು ವರ್ಷದ ಮಣ್ಣು ಕಣೇ ಮಾವಿಸ್, ಏನು ಮಾಡುತ್ತೆ ನಿಂಗೆ?” ಮಾವ ಒಂಟಿಕಾಲಲ್ಲಿ ಕುಣಿಯುತ್ತ ಬೂಟು ಎಳೆಯುತ್ತಿದ್ದರು.

“ಹಂಗಾದ್ರೆ ಇನ್ನೊಂದು ಎಂಟುನೂರು ವರ್ಷ ಅಲ್ಲೇ ಬಿದ್ದಿರ್ಲಿ.”

ಮಾವ ಹೋಗಿ ಮೂರು ವರ್ಷವಾಯಿತು. ಚರ್ಚಿನ ಅಂಗಳದ ಸಮಾಧಿ ಬೇಡ, ಕಾಡಿನಲ್ಲೇ ಹಾಕಿ ಎಂದು ಹೇಳಿ ಹೋಗಿದ್ದರು. ಹಾಗೆಯೇ ಅವರ ಬೂದಿಯನ್ನು ಒಂದು ಹಳೆಯ ಹಾರ್ನ್‌ಬೀಮ್ ಮರದ ಬುಡದಲ್ಲಿ ಮಣ್ಣಿಗೆ ಸೇರಿಸಿದೆವು. ಅವರ ಕೆಲಸ ನನ್ನ ಹೆಂಡತಿ ಹೆಸ್ಟರ್‌ಗೆ ಬಂತು. ಊರಿನ ಪರವಾಗಿ ಕಾಡು ನೋಡಿಕೊಳ್ಳುವ ಸಮಿತಿಗೆ ಈಗ ಅವಳೇ ಯಜಮಾನಿ. ಅಪ್ಪನ ಗರಗಸ ಬಂತು, ಅಮ್ಮನ ನಾಲಿಗೆ ಮೊದಲೇ ಇತ್ತು. ಕಾಡಿನ ಗೇಟಿಗೆ ಅವಳು ಒಂದು ಬ್ರಷ್ಷು ಕಟ್ಟಿದ್ದಾಳೆ. ಒಳಗೆ ಹೋಗುವ ಮೊದಲೂ ಬೂಟು ತಿಕ್ಕಬೇಕು, ಹೊರಗೆ ಬರುವಾಗಲೂ ತಿಕ್ಕಬೇಕು. ಮರಗಳ ರೋಗ ಒಳಗೆ ಹೋಗಬಾರದು, ಕಾಡಿನ ಮಣ್ಣು ಹೊರಗೆ ಬರಬಾರದು. ಅಂತೂ ಮಣ್ಣಿನ ವಿಷಯದಲ್ಲಿ ತಾಯಿ ಮಗಳಿಬ್ಬರದೂ ಒಂದೇ ಹಟ.

ನಾನು ಶಾಲೆಯ ಬಸ್ಸು ಓಡಿಸುವವನು. ಹುಟ್ಟಿದ್ದು ಲೋಸ್ಟಾಫ್ಟ್ ಬಂದರಿನಲ್ಲಿ. ಮೀನಿನ ಜಾತಿ ಹೇಳಿದರೆ ಹೇಳಿಯೇನು, ಹೂವಿನ ಜಾತಿ ನನಗೆ ತಿಳಿಯದು. ಹದಿನೈದು ವರ್ಷದ ಮಗಳು ಜೋಸಿ ಸೇರಿ ನಾವು ನಾಲ್ವರು ಈ ಸಾಲುಮನೆಯಲ್ಲಿದ್ದೇವೆ. ಅಕ್ಕಪಕ್ಕದ ಗೋಡೆಗಳು ಅಂಟಿಕೊಂಡಿರುವುದರಿಂದ ಹಿತ್ತಲಿಗೆ ಬೇರೆ ದಾರಿಯಿಲ್ಲ, ಅಡುಗೆಮನೆ ದಾಟಿಯೇ ಹೋಗಬೇಕು. ಅದಕ್ಕೇ ಅತ್ತೆಯ ಪೊರಕೆಗೆ ಅಷ್ಟು ಅಧಿಕಾರ.

ಮಾರ್ಚ್ ನಡುವಿನ ಒಂದು ಭಾನುವಾರ. ಹೊರಗೆ ಗಾಳಿ ಹುಚ್ಚೆದ್ದು ಬೀಸುತ್ತಿತ್ತು. ಮೇಜಿನ ಮೇಲೆ ಹುರಿದ ಕುರಿಮಾಂಸ, ಆಲೂಗಡ್ಡೆ, ಪುದೀನಾ ಸಾಸ್. ಬೆಳಿಗ್ಗೆ ಕಾಡಿಗೆ ಹೋಗಿ ಬಂದಾಗಿನಿಂದ ಹೆಸ್ಟರ್ ಕೂತಲ್ಲಿ ಕೂರುತ್ತಿರಲಿಲ್ಲ. ಉಪ್ಪಿಗೆಂದು ಎದ್ದಳು, ಚಮಚಕ್ಕೆಂದು ಎದ್ದಳು. ಕೊನೆಗೆ ನಿಂತುಕೊಂಡೇ ಕೇಳಿದಳು.

“ಅಮ್ಮ, ಅಪ್ಪನ ಮರದ ಹತ್ರ ಏನಾದ್ರೂ ನೆಟ್ಟಿದ್ಯಾ?”

ಅತ್ತೆ ಆಲೂಗಡ್ಡೆ ಕತ್ತರಿಸುತ್ತಲೇ ಇದ್ದರು. “ನೆಟ್ಟಿದ್ದೀನಿ. ಗಂಡನ ಹತ್ರ ನಾಲ್ಕು ಹೂ ಇಡೋಕೂ ಸಮಿತಿ ಅಪ್ಪಣೆ ಬೇಕಾ?”

“ಯಾವ ಹೂ?”

“ನೀಲಿಗಂಟೆ. ಕಾಡಲ್ಲಿರೋದೂ ಅದೇ ತಾನೆ? ಹಿತ್ತಲಲ್ಲಿ ಬಟ್ಟೆ ಹಗ್ಗದ ಕೆಳಗಿರೋದ್ರಲ್ಲಿ ಒಂದು ಬುಟ್ಟಿ ಗೆಡ್ಡೆ ತಗೊಂಡು ಹೋಗಿ ಹಾಕಿದೆ.”

ಹೆಸ್ಟರ್ ಕುರ್ಚಿಯಲ್ಲಿ ಕುಸಿದಳು. “ಅಯ್ಯೋ ಅಮ್ಮ. ಅದು ಸ್ಪೇನ್‌ದು!”

“ಅದು ಇಪ್ಸ್‌ವಿಚ್‌ದು,” ಎಂದರು ಅತ್ತೆ. “ನಮ್ಮಮ್ಮನ ಮನೇದು. ನಾನು ಮದುವೆ ಆಗಿ ಬರೋವಾಗ ನಮ್ಮಮ್ಮ ಟವಲಲ್ಲಿ ಸುತ್ತಿ ಕೊಟ್ಟಿದ್ದು. ಸ್ಪೇನ್‌ಗೆ ನಮ್ಮ ಕಡೆಯೋರು ಯಾರೂ ಹೋಗಿಲ್ಲ.”

ಜೋಸಿ ಕಿಸಕ್ಕನೆ ನಕ್ಕಳು. ತಾಯಿಯ ಮುಖ ನೋಡಿ ನಗುವನ್ನು ನೀರಿನ ಜೊತೆ ನುಂಗಿದಳು.

ನನ್ನಂಥವನಿಗೂ ಅರ್ಥವಾಗುವಂತೆ ಹೆಸ್ಟರ್ ಅಂದು ಬಿಡಿಸಿ ಹೇಳಿದಳು. ನಮ್ಮ ಕಾಡಿನ ನೀಲಿಗಂಟೆ ಸಣ್ಣದು, ಒಂದೇ ಪಕ್ಕಕ್ಕೆ ತಲೆ ಬಾಗಿಸುತ್ತದೆ, ಘಮ ಇದೆ. ಹಿತ್ತಲಿನದು ನೆಟ್ಟಗೆ ನಿಲ್ಲುತ್ತದೆ, ಎಲೆ ಹೆಬ್ಬೆರಳಿನಗಲ, ವಾಸನೆ ಅಷ್ಟಕ್ಕಷ್ಟೆ. ಎರಡೂ ಹತ್ತಿರವಿದ್ದರೆ ಜೇನ್ನೊಣ ಅದರ ಹುಡಿ ಇದಕ್ಕೆ ಹಾಕುತ್ತದೆ, ಬೆರಕೆ ಹುಟ್ಟುತ್ತದೆ, ಬೆರಕೆಯದು ಮತ್ತೆ ಬೆರಕೆ. ನಮ್ಮ ಮೊಮ್ಮಕ್ಕಳ ಕಾಲಕ್ಕೆ ಕೆಟಲ್ ಕಾಡಿನ ಹೂ ಅಂತ ಒಂದಿತ್ತು ಎಂದು ಹೇಳಿಕೊಳ್ಳಬೇಕಷ್ಟೆ.

“ಹೊಸ ಕಾಡು ಯಾರು ಬೇಕಾದ್ರೂ ಬೆಳೆಸಬಹುದು,” ಎಂದಳು. “ಇದನ್ನ ಬೆಳೆಸೋಕಾಗಲ್ಲ. ಆ ಬಿಳಿ ಅನೆಮನಿ ಹೂ ಇದೆಯಲ್ಲ, ಅದು ನೂರು ವರ್ಷಕ್ಕೆ ಆರಡಿ ಮುಂದೆ ಹೋಗುತ್ತೆ. ನೂರು ವರ್ಷಕ್ಕೆ, ಕ್ಲೈವ್!”

ನಮ್ಮ ಅತ್ತೆಗಿಂತ ಪರವಾಗಿಲ್ಲ ಎಂದು ನನ್ನ ಬಾಯಿಗೆ ಬಂತು, ಹೇಳಲಿಲ್ಲ.

“ಹೂ ಬಿಡೋದ್ರೊಳಗೆ ಅಗೆದು ತೆಗೀಬೇಕಮ್ಮ. ಹೋದ ವರ್ಷ ಅಂಗಡಿಯವಳು ತೋಟದ ಕಸ ಕಾಡಿನ ಅಂಚಿಗೆ ಸುರಿದಳು ಅಂತ ಎಲ್ಲರೆದುರು ಬೈದಿದ್ದೀನಿ ನಾನು. ಈಗ ನನ್ನ ಮನೆಯವರೇ…”

“ಓ, ಅದಾ ವಿಷ್ಯ! ಮರ್ಯಾದೆ ಪ್ರಶ್ನೆ!”

“ಅಲ್ಲಮ್ಮ…”

ಅತ್ತೆ ಫೋರ್ಕು ಕೆಳಗಿಟ್ಟರು. “ಕೇಳು ಹೆಸ್ಟರ್. ನಲವತ್ತು ವರ್ಷ ಅವನು ಆ ಕಾಡಲ್ಲಿದ್ದ. ಬೆಳಕು ಹರಿಯೋಕೆ ಮುಂಚೆ ಹೋದರೆ ಕತ್ತಲಾದ್ಮೇಲೆ ಬರ್ತಿದ್ದ. ನಾನಿಲ್ಲಿ ಅನ್ನ ನೀರು ಕಾಯ್ಕೊಂಡು ಕೂತಿರ್ತಿದ್ದೆ. ಸವತಿ ಅಂದ್ರೆ ಸವತಿ ನಂಗೆ ಆ ಕಾಡು. ಸತ್ತ ಮೇಲಾದ್ರೂ ನನ್ನ ಪಕ್ಕ ಬರ್ತಾನೆ ಅಂದ್ಕೊಂಡಿದ್ದೆ, ಅಲ್ಲಿಗೇ ಹೋದ. ಅಲ್ಲಿ ನಂದು ಅಂತ ಏನಿದೆ? ನಾಲ್ಕು ಹೂ. ಅದನ್ನ ಮುಟ್ಟಬೇಡ.”

ಮಾಂಸ ತಣ್ಣಗಾಯಿತು. ಅತ್ತೆಯ ಕಣ್ಣಲ್ಲಿ ನಾನು ನೀರು ಕಂಡಿದ್ದು ಮಾವನ ಸಾವಿನಲ್ಲೂ ಅಲ್ಲ, ಅವತ್ತು. ತಪ್ಪು ಯಾರದೆಂದು ಕೇಳಿದರೆ ಹೇಳಲಾರೆ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಕೂತದ್ದಿಲ್ಲ. ಹೆಸ್ಟರ್ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕಾಡಿಗೆ ಓಡುತ್ತಿದ್ದಳು. ಬಂದವಳೇ ನನ್ನನ್ನು ಮೂಲೆಗೆ ಎಳೆದು, “ಮೊಗ್ಗು ಕಾಣ್ತಿದೆ ಕ್ಲೈವ್,” ಎನ್ನುತ್ತಿದ್ದಳು, ಯಾರಿಗೋ ಜ್ವರ ಏರುತ್ತಿದೆ ಎಂಬಂತೆ. ಅತ್ತೆ ಒಲೆಯ ಮುಂದೆ ನಿಂತು ಕಿವಿ ಇತ್ತ ಬಿಟ್ಟಿರುತ್ತಿದ್ದರು. ಪ್ರತಿ ಬುಧವಾರ ಅವರು ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಮರದ ಹತ್ತಿರ ಹೋಗಿ ಕೂತು ಬರುತ್ತಿದ್ದರು. ಈಗ ಶುಕ್ರವಾರವೂ ಹೋಗತೊಡಗಿದರು, ಕಾವಲಿಗೆ.

“ನೀನು ಹೇಳು ನಿಮ್ಮತ್ತೆಗೆ,” ಎಂದಳು ಹೆಸ್ಟರ್.

“ನಾನಾ? ನನ್ನ ಮಾತು ಕೇಳಿ ಅವರು ಚಹಾಕ್ಕೆ ಸಕ್ಕರೆ ಕೂಡ ಹಾಕಲ್ಲ.”

“ನೀನು ಹೇಳು ನಿನ್ನ ಹೆಂಡತಿಗೆ,” ಎಂದರು ಅತ್ತೆ, ಪಾತ್ರೆ ತೊಳೆಯುವಾಗ.

“ಮಾವಿಸ್, ನೀವು ಹೇಳಿದ್ದೇ ಅವಳು ಕೇಳಲ್ಲ, ನಾನು ಹೇಳಿದ್ದು ಕೇಳ್ತಾಳಾ?”

“ಈ ಮನೇಲಿ ನೀನಿರೋದಾದ್ರೂ ಯಾಕೆ?” ಎಂದು ಒರೆಸುವ ಬಟ್ಟೆಯನ್ನು ನನ್ನ ಹೆಗಲಿಗೆ ಎಸೆದು ಹೋದರು. ಪ್ರಶ್ನೆ ಸರಿಯಾಗಿಯೇ ಇತ್ತು.

ಏಪ್ರಿಲ್ ಎರಡನೇ ವಾರ ಮೂರು ದಿನ ಒಳ್ಳೆಯ ಬಿಸಿಲು ಬಂತು. ಹೂವಿಗೆ ಬಿಸಿಲು ಸಿಕ್ಕರೆ ಸಾಕು. ಮಂಗಳವಾರ ಸಂಜೆ ಹೆಸ್ಟರ್ ಅಡುಗೆಮನೆಯ ಕತ್ತರಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೊರಟಳು. ನಾನು ನೋಡಿದೆ, ನೋಡದವನಂತೆ ಟಿ.ವಿ. ಕಡೆ ತಿರುಗಿದೆ.

ಮರುದಿನ ಬುಧವಾರ. ಅತ್ತೆ ಹೋದ ಅರ್ಧ ಗಂಟೆಗೇ ವಾಪಸು ಬಂದರು. ಫ್ಲಾಸ್ಕಿನ ಮುಚ್ಚಳವನ್ನೂ ತೆಗೆದಿರಲಿಲ್ಲ. ಕೋಟು ಬಿಚ್ಚದೆ ಅಡುಗೆಮನೆಯ ನಡುವೆ ನಿಂತರು.

“ಕತ್ತರಿ ಎಲ್ಲಿ?”

ಹೆಸ್ಟರ್ ಸುಳ್ಳು ಹೇಳುವವಳಲ್ಲ. “ಮೊಗ್ಗು ಮಾತ್ರ ಕತ್ತರಿಸಿದೆ ಅಮ್ಮ. ಗೆಡ್ಡೆ ಮುಟ್ಟಿಲ್ಲ. ಈ ವರ್ಷ ಹೂ ಬಿಡದೆ ಇದ್ರೆ ಸಾಕು, ಆಮೇಲೆ ನಿಧಾನವಾಗಿ ಮಾತಾಡೋಣ ಅಂತ…”

“ತಲೆ ಕತ್ತರಿಸಿಬಿಟ್ಟು ನಿಧಾನವಾಗಿ ಮಾತಾಡ್ತಾಳಂತೆ!”

“ಇನ್ನೇನು ಮಾಡ್ಲಿ? ಜೇನ್ನೊಣಕ್ಕೆ ಹೇಳ್ಲಾ, ಅದು ನಮ್ಮಜ್ಜಿ ಹೂ, ಅಲ್ಲಿ ಕೂರ್ಬೇಡ ಅಂತ?”

“ನಿಮ್ಮಪ್ಪ ಬದುಕಿದ್ದಿದ್ರೆ…”

“ಅಪ್ಪ ಬದುಕಿದ್ದಿದ್ರೆ ಅವತ್ತೇ ಕಿತ್ತು ಬಿಸಾಕ್ತಿದ್ರು!”

ಆ ಮಾತು ಬಾಯಿಂದ ಬಿದ್ದ ಕೂಡಲೇ ಹೆಸ್ಟರ್‌ಗೂ ತಿಳಿಯಿತು, ಆಡಬಾರದಿತ್ತು ಎಂದು. ಅತ್ತೆ ಫ್ಲಾಸ್ಕಿನ ಚಹಾವನ್ನು ಸಿಂಕಿಗೆ ಸುರಿದು ಮೇಲೆ ಹೋದರು.

ಅಂದಿನಿಂದ ಅತ್ತೆಯ ಅಡುಗೆ ಬೇರೆಯಾಯಿತು. ಒಂದೇ ಒಲೆ, ಎರಡು ಸಂಸಾರ. ನಾವು ಊಟಕ್ಕೆ ಕೂರುವ ಮೊದಲೇ ಒಂದು ಮೊಟ್ಟೆ ಬೇಯಿಸಿ, ಒಂದು ಹೋಳು ಬ್ರೆಡ್ ಸುಟ್ಟು ತಟ್ಟೆ ಹಿಡಿದು ಮಹಡಿ ಹತ್ತುತ್ತಿದ್ದರು. ಹೆಸ್ಟರ್ ಅಮ್ಮನಿಗೆ ಇಷ್ಟವೆಂದು ರೂಬಾರ್ಬ್ ಕ್ರಂಬಲ್ ಎಂಬ ಸಿಹಿ ಮಾಡಿಟ್ಟಳು, ಅದು ಮೂರು ದಿನ ಕೂತಿದ್ದು ಕೊನೆಗೆ ನನ್ನ ಹೊಟ್ಟೆ ಸೇರಿತು. ಜೋಸಿ ಮೇಲೆ ಕೆಳಗೆ ಸುದ್ದಿ ಸಾಗಿಸಿ ಬೇಸತ್ತಳು.

“ಅಜ್ಜಿ ಕೇಳ್ತಾರೆ, ಬಟ್ಟೆ ಒಗೆಯೋ ಪುಡಿ ಎಲ್ಲಿದೆ ಅಂತ.”

“ಎಲ್ಲಿರುತ್ತೋ ಅಲ್ಲೇ ಇದೆ ಅಂತ ಹೇಳು,” ಎಂದಳು ಹೆಸ್ಟರ್.

“ಇಬ್ರೂ ಒಂದು ಹತ್ತು ಮೆಟ್ಟಿಲು ಹತ್ತಿ ಇಳಿದು ಮಾತಾಡಬಹುದಲ್ಲ? ನಾನೇನು ಪಾರಿವಾಳನಾ?”

ಮೇ ಮೊದಲ ವಾರಕ್ಕೆ ನೀಲಿಗಂಟೆ ಭಾನುವಾರ ಬರುತ್ತದೆ. ಅಂದು ಊರಿಗೆ ಊರೇ ಕಾಡಿಗೆ ಬಂದು ಹೂ ನೋಡಿ, ಗೇಟಿನ ಬಳಿ ಚಹಾ ಕುಡಿದು, ಕೇಕ್ ತಿಂದು ಹೋಗುತ್ತದೆ. ಅತ್ತೆಯ ಹಣ್ಣಿನ ಕೇಕ್ ಇಲ್ಲದ ನೀಲಿಗಂಟೆ ಭಾನುವಾರವನ್ನು ನಾನು ಕಂಡಿಲ್ಲ. ಈ ಸಲ ಕೇಳಲು ಬಂದವರಿಗೆ ಅವರು ಬಾಗಿಲಲ್ಲೇ, “ಸಮಿತಿಯವರನ್ನ ಕೇಳಿ, ಅವರಿಗೆ ಕತ್ತರಿಸೋಕೆ ಚೆನ್ನಾಗಿ ಬರುತ್ತೆ,” ಎಂದು ಕಳಿಸಿದರು. ಒಳಗಿದ್ದ ಹೆಸ್ಟರ್‌ಗೆ ಅದು ಕೇಳಿಸಿತು, ಕೇಳಿಸಲೆಂದೇ ಹೇಳಿದ್ದು.

ಅದರ ಜೊತೆಗೆ ಇನ್ನೊಂದು ತಲೆನೋವು. ಕತ್ತರಿಗೆ ಸಿಗದ ಮೊಗ್ಗುಗಳು ಮೇಲೆದ್ದಿದ್ದವು. “ಇನ್ನು ನಾಲ್ಕೈದು ದಿನ ಅಷ್ಟೇ,” ಎಂದಳು ಹೆಸ್ಟರ್. ಮತ್ತೆ ಕತ್ತರಿ ಒಯ್ಯಲು ಅವಳಿಗೆ ಮನಸ್ಸು ಬರಲಿಲ್ಲ, ಬಿಡಲೂ ಆಗಲಿಲ್ಲ. ಹಾಸಿಗೆಯಲ್ಲಿ ಹೊರಳಾಡುತ್ತಿದ್ದಳು, ನನಗೂ ನಿದ್ದೆಯಿಲ್ಲ.

ಸೋಮವಾರ ಬಟ್ಟೆ ಒಗೆಯುವ ದಿನ. ಅತ್ತೆ ಮತ್ತು ಜೋಸಿ ಹಿತ್ತಲಲ್ಲಿ ಒದ್ದೆ ಹೊದಿಕೆಗಳನ್ನು ಹಗ್ಗಕ್ಕೆ ಹಾಕುತ್ತಿದ್ದರು, ನಾನು ಕ್ಲಿಪ್ಪಿನ ಬುಟ್ಟಿ ಹಿಡಿದು ನಿಂತಿದ್ದೆ. ಕಾಲಬುಡದಲ್ಲಿ ಅತ್ತೆಯ ತವರಿನ ಹೂಗಳು ಸೈನಿಕರ ಹಾಗೆ ಸೆಟೆದು ನಿಂತು ಆಗಲೇ ನೀಲಿ ಬಿಟ್ಟಿದ್ದವು.

“ಇಲ್ಲಿ ಈ ಸಲ ಜಾಸ್ತಿ ಬಂದಿದೆ ಅಜ್ಜಿ,” ಎಂದಳು ಜೋಸಿ. “ಜೂನ್‌ನಲ್ಲಿ ಅಮ್ಮನಿಗೆ ಕೆಲಸ ಜಾಸ್ತಿ.”

“ಏನು ಕೆಲಸ?”

“ಬೀಜ ತೆಗೆಯೋದು. ನೀನು ಚರ್ಚಿಗೆ ಹೋದಾಗ ತೆಗೀತಾಳಲ್ಲ. ಮುಂಚೆ ತಾತನೂ ನಾನೂ ತೆಗೀತಿದ್ವಿ. ಹಸಿರು ಕಾಯಿ ಬಂದ ತಕ್ಷಣ ಒಂದೊಂದೂ ಬಿಡದೆ ಚಿವುಟಿ, ಒಲೆಗೆ ಹಾಕಿ ಸುಡ್ತಿದ್ರು ತಾತ. ನಂಗೆ ಒಂದು ಟಾಫಿ.”

ಅತ್ತೆ ಹೊದಿಕೆಯ ತುದಿ ಹಿಡಿದು ನಿಂತರು. “ಒಣಗಿದ್ದು ತೆಗೀತಾನೆ ಅಂದ್ಕೊಂಡಿದ್ದೆ. ಹಿತ್ತಲು ಚೊಕ್ಕಟ ಇರ್ಲಿ ಅಂತ.”

“ತಾತ? ಚೊಕ್ಕಟ?” ಜೋಸಿ ಜೋರಾಗಿ ನಕ್ಕಳು. “ಒಂದು ಬೀಜನೂ ಕಾಡಿನ ಕಡೆ ಹೋಗಬಾರದು ಅಂತ. ನಾನೇ ಕೇಳಿದ್ದೆ, ಪ್ರತಿ ವರ್ಷ ಇಷ್ಟು ಕಷ್ಟ ಯಾಕೆ ತಾತ, ಕಿತ್ತೇ ಹಾಕಬಹುದಲ್ಲ ಅಂತ. ಶ್, ಅಂದ್ರು. ಅದು ನಿಮ್ಮಜ್ಜಿಯ ತವರು, ತವರನ್ನ ಕೀಳೋಕಾಗುತ್ತಾ ಅಂದ್ರು.”

ಹೊದಿಕೆ ಅತ್ತೆಯ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಬಟ್ಟೆಗೆ ಮಣ್ಣಾಯಿತು, ಅವರು ಎತ್ತಲಿಲ್ಲ.

“ನಲವತ್ತು ವರ್ಷ,” ಎಂದರು. “ಒಂದು ಮಾತು ಹೇಳಿದ್ರೆ ನಾನೇ ಕಿತ್ತು ಹಾಕ್ತಿದ್ದೆ.”

“ಅದಕ್ಕೇ ಹೇಳಿರಲ್ಲ ಬಿಡಿ ಮಾವಿಸ್,” ಎಂದೆ ನಾನು. ಎಷ್ಟೋ ವರ್ಷಗಳಲ್ಲಿ ನಾನು ಆಡಿದ ಒಂದು ಮಾತು ಅವರ ಕಿವಿಗೆ ಬಿದ್ದಿದ್ದು ಅಂದೇ ಇರಬೇಕು. ನನ್ನ ಕಡೆ ತಿರುಗಿ, ಬುಟ್ಟಿಯಿಂದ ಒಂದು ಕ್ಲಿಪ್ ತೆಗೆದುಕೊಂಡು ಸುಮ್ಮನೆ ಕೈಯಲ್ಲಿ ತಿರುಗಿಸುತ್ತ ನಿಂತರು.

ಅಂದು ಸಂಜೆ ಅತ್ತೆ ಮೊಟ್ಟೆ ಬೇಯಿಸಲಿಲ್ಲ. ನಮ್ಮ ಜೊತೆ ಮೇಜಿಗೆ ಬಂದು ಕೂತರು. ಹೆಸ್ಟರ್ ಇನ್ನೊಂದು ತಟ್ಟೆ ಇಟ್ಟಳು.

“ನಾಳೆ ಅಗೀತೀನಿ,” ಎಂದರು ಅತ್ತೆ. “ನಾನೇ ಅಗೀತೀನಿ. ಬೇರೆ ಯಾರೂ ಕೈ ಹಾಕಕೂಡದು.”

ಹೆಸ್ಟರ್ ತಲೆ ಬಗ್ಗಿಸಿ ಕೂತಳು. “ಅಮ್ಮ, ಅವತ್ತು ನಾನು ಅಪ್ಪನ ವಿಷಯ ಆಡಿದ ಮಾತು…”

“ತಪ್ಪು ಮಾತು. ಅವನು ಕಿತ್ತು ಬಿಸಾಕ್ತಿರ್ಲಿಲ್ಲ. ಈಗ ಉಪ್ಪು ಇತ್ತ ತಳ್ಳು.”

ಮರುದಿನ ನಾಲ್ವರೂ ಹೋದೆವು. ಗೇಟಿನಲ್ಲಿ ಬೂಟು ತಿಕ್ಕಿದೆವು. ಒಳಗೆ ನಮ್ಮ ಕಾಡಿನ ನೀಲಿ ಆಗಷ್ಟೇ ಹರಡುತ್ತಿತ್ತು, ನೆಲದ ಮೇಲೆ ಹೊಗೆ ಕೂತ ಹಾಗೆ. ಘಮ ನನ್ನ ಮೂಗಿಗೆ ಬಡಿಯುವುದಕ್ಕಿಂತ ಮೊದಲೇ ಅತ್ತೆ, “ಹೂಂ, ಒಳ್ಳೇ ಸೆಂಟು ಹಾಕ್ಕೊಂಡಿದಾಳೆ,” ಎಂದು ಮೂಗು ಮುರಿದರು. ಸವತಿಯನ್ನು ಅವರು ಅಷ್ಟು ಸುಲಭಕ್ಕೆ ಕ್ಷಮಿಸುವವರಲ್ಲ.

ಹಾರ್ನ್‌ಬೀಮ್ ಬುಡದಲ್ಲಿ ಹಳೆಯ ದಿಂಬು ಹಾಕಿಕೊಂಡು ಮಂಡಿಯೂರಿ ಕೂತರು. ಸನಿಕೆಯಿಂದ ಅಗೆದರೆ ಸುತ್ತಲಿನ ಅನೆಮನಿ ಹಾಳಾಗುತ್ತದೆಂದು ಹೆಸ್ಟರ್ ಕೈಗುದ್ದಲಿ ಕೊಟ್ಟಳು. ಗೆಡ್ಡೆಗಳು ಆಳಕ್ಕೆ ಇಳಿದಿದ್ದವು. ಅತ್ತೆ ಮೊಣಕೈವರೆಗೂ ಮಣ್ಣಿನಲ್ಲಿ ಕೈಹಾಕಿ ಒಂದೊಂದನ್ನೇ ಮಗುವನ್ನು ಎತ್ತುವಂತೆ ಎತ್ತಿ ಬುಟ್ಟಿಯಲ್ಲಿಟ್ಟರು. ಜೋಸಿ ಸಹಾಯಕ್ಕೆ ಬಗ್ಗಿದರೆ ಕೈಗೆ ಪೆಟ್ಟು. ಹೆಸ್ಟರ್ ಹಿಂದೆ ಮುಂದೆ ಓಡಾಡುತ್ತಿದ್ದಳು. ನಿಲ್ಲಲಾಗದೆ ಹೇಳಿಯೇಬಿಟ್ಟಳು.

“ಅಮ್ಮ, ಬೇರಿನ ಮಣ್ಣು ಒದರಿ ಇಡು. ಕಾಡಿನ ಮಣ್ಣು ಹೊರಗೆ ಹೋಗಬಾರದು.”

ಅತ್ತೆ ಕೈಯಲ್ಲಿದ್ದ ಗೆಡ್ಡೆಯನ್ನು ನೋಡಿದರು. ಅದರ ಸುತ್ತ ಒಂದು ಹಿಡಿ ಕಪ್ಪು ಮಣ್ಣು ಅಂಟಿತ್ತು. ಮಾವನನ್ನು ಬೆರೆಸಿದ ಮಣ್ಣು ಅದು. ಅದು ನನಗೂ ಆಗಲೇ ಹೊಳೆದದ್ದು, ಹೆಸ್ಟರ್‌ಗೂ ಆಗಲೇ.

“ಒದರಲ್ಲ,” ಎಂದರು ಅತ್ತೆ.

ನಾನು ಹೆಸ್ಟರ್ ಮುಖ ನೋಡಿದೆ. ಬಂದವರ ಬೂಟಿನಡಿಯ ಕೆಸರನ್ನೂ ಬಿಡದವಳು. ಅವಳೇ ತಾಯಿಯ ಪಕ್ಕದಲ್ಲಿ ಮಂಡಿಯೂರಿ, ಮಣ್ಣು ಉದುರದಂತೆ ಬುಟ್ಟಿಯ ಅಡಿಗೆ ತನ್ನ ಸ್ಕಾರ್ಫ್ ಹಾಸಿದಳು.

ಎಲ್ಲ ತೆಗೆದ ಮೇಲೆ ಒಂದು ಬುಟ್ಟಿಯಗಲದ ಗುಂಡಿ ಉಳಿಯಿತು. ಹೆಸ್ಟರ್ ಪಕ್ಕದ ಮಣ್ಣನ್ನು ಎಳೆದು, ಮೇಲೆ ತರಗೆಲೆ ಹರಡಿದಳು.

“ಇದು ಯಾವಾಗ ತುಂಬುತ್ತೆ?” ಎಂದರು ಅತ್ತೆ.

“ಅನೆಮನಿ ಈ ಕಡೆಯಿಂದ ಬರುತ್ತಮ್ಮ. ನಾವು ನೋಡಲ್ಲ.”

“ಜೋಸಿ?”

“ಜೋಸಿನೂ ನೋಡಲ್ಲ.”

“ಬರ್ಲಿ ಬಿಡು, ನಿಧಾನವಾಗಿ,” ಎಂದು ನನ್ನ ಹೆಗಲು ಹಿಡಿದು ಎದ್ದರು. ಮಂಡಿ ಲಟಕ್ಕೆಂದಿತು.

ಬುಟ್ಟಿಯನ್ನು ಅವರು ಯಾರ ಕೈಗೂ ಕೊಡಲಿಲ್ಲ, ಹೊರಗೆ ಬರುವಾಗ ಗೇಟಿನ ಬ್ರಷ್ಷನ್ನೂ ಮುಟ್ಟಲಿಲ್ಲ. ಮನೆಗೆ ಬಂದಾಗ ಮುಂಬಾಗಿಲಲ್ಲಿ ನಾವು ಮೂವರೂ ಅಭ್ಯಾಸದಂತೆ ನಿಂತು ಬೂಟು ಬಿಚ್ಚತೊಡಗಿದೆವು. ಅತ್ತೆ ನಿಲ್ಲಲಿಲ್ಲ. ಮಣ್ಣು ಮೆತ್ತಿದ ಬೂಟಿನಲ್ಲೇ ಹೊಸ್ತಿಲು ದಾಟಿ, ಅಡುಗೆಮನೆಯ ನಡುವಿನಿಂದಲೇ ಹಿತ್ತಲಿಗೆ ನಡೆದರು. ತಾವು ದಿನಾ ಒರೆಸುವ ನೆಲದ ಮೇಲೆ ಹೆಜ್ಜೆಗೊಂದು ಕಪ್ಪು ಗುರುತು, ಬುಟ್ಟಿಯಿಂದ ಉದುರಿದ ಮಣ್ಣಿನ ಪುಡಿ ಮೇಜಿನ ಪಕ್ಕ, ಒಲೆಯ ಮುಂದೆ, ಮಾವ ಕೂರುತ್ತಿದ್ದ ಕುರ್ಚಿಯ ಕೆಳಗೆ. ಬಟ್ಟೆ ಹಗ್ಗದ ಕೆಳಗೆ ಗುಂಡಿ ತೋಡಿ ಮಣ್ಣಿನ ಸಮೇತ ಎಲ್ಲವನ್ನೂ ಹೂತರು. ಬುಟ್ಟಿಯನ್ನು ಬೋರಲು ಹಾಕಿ ತಟ್ಟಿ ತಟ್ಟಿ ಖಾಲಿ ಮಾಡಿದರು.

“ಜೂನ್‌ನಲ್ಲಿ ಬೀಜ ನಾನೇ ತೆಗೀತೀನಿ,” ಎಂದರು ಹೆಸ್ಟರ್‌ಗೆ. “ಕಳ್ಳರ ಹಾಗೆ ಚರ್ಚಿನ ಹೊತ್ತು ಕಾಯ್ಬೇಡ.”

ಒಳಗೆ ಬಂದು ಕೈ ತೊಳೆದು, ಕೇಕಿಗೆ ಒಣದ್ರಾಕ್ಷಿ ನೆನೆಹಾಕಲು ಡಬ್ಬಿ ಇಳಿಸಿದರು. ಭಾನುವಾರಕ್ಕೆ ಇನ್ನೂ ಸಮಯವಿತ್ತು. ನೆಲ ನೋಡಿ ನನಗೆ ಗಾಬರಿ. ಇಷ್ಟು ವರ್ಷಗಳ ತರಬೇತಿ, ಕೈ ತಾನಾಗಿಯೇ ಬಾಗಿಲ ಹಿಂದಿನ ಪೊರಕೆಗೆ ಹೋಯಿತು.

“ಕ್ಲೈವ್! ಇಡು ಅದನ್ನ,” ಎಂದರು ಅತ್ತೆ. “ಮೂರು ವರ್ಷ ಆದ್ಮೇಲೆ ಮನೆಗೆ ಬಂದಿದಾನೆ. ಬಂದ ತಕ್ಷಣ ಗುಡಿಸಿ ಹೊರಗೆ ಹಾಕ್ತೀಯಾ?”